ಮೊಮ್ಮಕ್ಕಳಿಲ್ಲದ ನೊಣಗಳು: ಒಂದು ಸ್ಟಾಕ್ ಪದೇ ಪದೇ ಅಳಿದ ಪ್ರಕರಣ

ಇದು ದಕ್ಷಿಣ ಕರ್ನಾಟಕದ ಒಂದು ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ನಡೆದದ್ದು. ಊರು, ವಿಭಾಗ, ಜನ ಯಾವುದೂ ಗುರುತು ಸಿಗದಂತೆ ಬರೆದಿದ್ದೇನೆ. ಕೆಲವು ವಿವರ ಬೇಕೆಂದೇ ಬದಲಿಸಿದ್ದೇನೆ. ನಾನು ಆಗ ಪಕ್ಕದ ಮೇಜಿನಲ್ಲಿ ಬೇರೆ ಕೆಲಸ ಮಾಡುತ್ತಿದ್ದೆ. ತಪ್ಪು ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಿನ್ನೆಲೆ

ಸಂಶೋಧನೆಗೆ ಸೇರಿ ಒಂದು ವರ್ಷವಾಗಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಇನ್ನೊಂದು ಲ್ಯಾಬಿನಿಂದ ಅಂಚೆಯಲ್ಲಿ ಎರಡು ವಯಲ್ (ನೊಣ ಸಾಕುವ ಸಣ್ಣ ಸೀಸೆ) ನೊಣ ಬಂತು. ಡ್ರೊಸೋಫಿಲ ಮೆಲನೊಗ್ಯಾಸ್ಟರ್, ಅಂದರೆ ಕಳಿತ ಬಾಳೆಹಣ್ಣಿನ ಮೇಲೆ ಗುಂಯ್‌ಗುಟ್ಟುವ ಅದೇ ಪುಟ್ಟ ನೊಣ. ಇವುಗಳ ಎರಡನೇ ಕ್ರೋಮೋಸೋಮಿನಲ್ಲಿ ಒಂದು ಕಡೆ ಹೊರಗಿನ ಡಿಎನ್‌ಎ ತುಂಡನ್ನು ಸೇರಿಸಿದ್ದರು. ಆ ತುಂಡು ಕೂತ ಜಾಗದ ಪಕ್ಕದ ಜೀನ್ ರೆಕ್ಕೆಯ ನರಗಳ ಮೇಲೆ ಏನು ಮಾಡುತ್ತದೆ ಅನ್ನುವುದು ಅವಳ ಪ್ರಶ್ನೆ. ಸಂತಾನಕ್ಕೂ ಆ ಪ್ರಶ್ನೆಗೂ ಯಾವ ಸಂಬಂಧವೂ ಇರಲಿಲ್ಲ.

ತುಂಡಿನ ಜೊತೆ ಕಣ್ಣಿಗೆ ಬಣ್ಣ ಕೊಡುವ ಒಂದು ಜೀನ್ ಕೂಡ ಇರುತ್ತದೆ. ಬಿಳಿ ಕಣ್ಣಿನ ನೊಣಕ್ಕೆ ಈ ತುಂಡು ಸೇರಿದರೆ ಕಣ್ಣು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕ್ರೋಮೋಸೋಮುಗಳು ಜೋಡಿಯಾಗಿರುತ್ತವೆ, ತಾಯಿಯದೊಂದು, ತಂದೆಯದೊಂದು. ತುಂಡು ಒಂದರಲ್ಲಷ್ಟೇ, ಅಂದರೆ ಒಂದೇ ಪ್ರತಿ ಇದ್ದರೆ ತಿಳಿ ಕಿತ್ತಳೆ, ಎರಡು ಪ್ರತಿ ಇದ್ದರೆ ಗಾಢ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಯಲ್ ಮೇಲಿನ ಚೀಟಿಯಲ್ಲಿ ತುಂಡಿನ ಹೆಸರು, ಓರೆಗೆರೆ, ಆಮೇಲೆ ಸಿವೈಓ ಎಂದಿತ್ತು. ಸಿವೈಓ ಒಂದು ಬ್ಯಾಲೆನ್ಸರ್ ಕ್ರೋಮೋಸೋಮ್. ಅದರೊಳಗೆ ದೊಡ್ಡ ದೊಡ್ಡ ಭಾಗಗಳು ತಲೆಕೆಳಗಾಗಿ ಜೋಡಿಸಿಕೊಂಡಿರುತ್ತವೆ. ಹಾಗಾಗಿ ಜೋಡಿಯಲ್ಲಿ ಎದುರಿಗಿರುವ ಕ್ರೋಮೋಸೋಮಿನ ಜೊತೆ ಅದು ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದಿಲ್ಲ. ಇದನ್ನು ಹೊತ್ತ ನೊಣದ ರೆಕ್ಕೆ ಮೇಲಕ್ಕೆ ಸುರುಳಿಯಾಗುತ್ತದೆ, ಹಾಗಾಗಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಎರಡೂ ಪ್ರತಿ ಸಿವೈಓ ಆದರೆ ನೊಣ ಬದುಕುವುದಿಲ್ಲ. ಹಾಗಾಗಿ ಎದುರಿನ ಕ್ರೋಮೋಸೋಮಿನಲ್ಲಿ ಕೆಟ್ಟ ಮ್ಯುಟೇಶನ್ (ಜೀನ್ ಕೆಟ್ಟ ಬದಲಾವಣೆ) ಇದ್ದರೂ ಸ್ಟಾಕ್, ಅಂದರೆ ಬಾಟಲಿಯಲ್ಲಿ ಸಾಕಿಕೊಂಡು ಬರುವ ತಳಿ, ತಾನಾಗಿ ತಲೆಮಾರಿನಿಂದ ತಲೆಮಾರಿಗೆ ನಡೆದುಕೊಂಡು ಹೋಗುತ್ತದೆ.

ಬಾಟಲಿಯಲ್ಲಿ ನೇರ ರೆಕ್ಕೆಯ ನೊಣಗಳೂ ಧಾರಾಳವಾಗಿ ಹುಟ್ಟುತ್ತಿದ್ದವು. ಅವುಗಳಲ್ಲಿ ತುಂಡಿನ ಎರಡು ಪ್ರತಿ ಇರುತ್ತದೆ. ನೋಡುವುದಕ್ಕೆ ಗಟ್ಟಿಮುಟ್ಟು. ರೆಕ್ಕೆಯ ಪ್ರಯೋಗಕ್ಕೆ ಅವಳಿಗೆ ಬೇಕಾಗಿದ್ದು ಅವೇ. ಪ್ರತಿ ಸಲ ಸುರುಳಿ ರೆಕ್ಕೆಯವನ್ನು ಬೇರೆ ಮಾಡುವ ಕಷ್ಟ ಯಾಕೆ ಅಂತ ಅವಳು ನೇರ ರೆಕ್ಕೆಯವನ್ನಷ್ಟೇ ಆರಿಸಿ ಹೊಸ ಸ್ಟಾಕ್ ಮಾಡಲು ಹೊರಟಳು.

ಮೊದಲ ಎಡವಟ್ಟು ಇಲ್ಲೇ ಆಯಿತು. ಎರಡು ಪ್ರತಿಯ ನೊಣ ಅಷ್ಟು ಚೆನ್ನಾಗಿ ಬದುಕುತ್ತದೆ ಅಂದಮೇಲೆ ಕಳಿಸಿದವರು ಬ್ಯಾಲೆನ್ಸರ್ ಯಾಕೆ ಇಟ್ಟುಕೊಂಡಿದ್ದರು? ಒಂದು ಮೇಲ್ ಹಾಕಿ ಕೇಳಬಹುದಿತ್ತು. ಅವಳೂ ಕೇಳಲಿಲ್ಲ, ನಾವೂ ಕೇಳು ಎನ್ನಲಿಲ್ಲ. ಅಭ್ಯಾಸಬಲದಿಂದ ಇಟ್ಟಿರಬೇಕು ಅಂದುಕೊಂಡೆವು.

ತೊಂದರೆ

ನೇರ ರೆಕ್ಕೆಯ ಗಂಡು ಹೆಣ್ಣು ಒಟ್ಟಿಗೆ ಬಿಟ್ಟಾಗ ಹೆಣ್ಣುಗಳು ಮೊಟ್ಟೆ ಇಟ್ಟವು. ಅದರಲ್ಲಿ ಒಂದಷ್ಟು ಒಡೆಯಲೇ ಇಲ್ಲ. ಉಳಿದವು ಮರಿಹುಳುವಾಗಿ, ಗೂಡಿನ ಹಂತ ದಾಟಿ, ನೊಣವಾಗಿ ಹೊರಬಂದವು. ಸಂಖ್ಯೆ ಕಡಿಮೆ, ಆದರೆ ಆರೋಗ್ಯ ಚೆನ್ನಾಗಿತ್ತು. ಅವನ್ನು ಹೊಸ ಬಾಟಲಿಗೆ ವರ್ಗಾಯಿಸಿದಳು.

ಆಮೇಲೆ ಏನೂ ಆಗಲಿಲ್ಲ. ಚೆನ್ನಾಗಿರುವ ಬಾಟಲಿಯಲ್ಲಿ ನಾಲ್ಕೈದು ದಿನಕ್ಕೆ ಮರಿಹುಳುಗಳು ಆಹಾರವನ್ನು ಕಲಸಿ ಗಂಜಿ ಮಾಡಿಬಿಡುತ್ತವೆ. ಇಲ್ಲಿ ಎಂಟು ದಿನವಾದರೂ ಮೇಲ್ಮೈ ಹೊಸದಾಗಿ ಹಾಕಿದ ಹಾಗೇ ನಯವಾಗಿತ್ತು. ನೊಣಗಳು ಹಾರಾಡಿಕೊಂಡು, ಒಂದರ ಹಿಂದೆ ಒಂದು ಓಡಾಡಿಕೊಂಡು, ಕೊನೆಗೆ ವಯಸ್ಸಾಗಿ ಸತ್ತವು. ಹಳೇ ಸ್ಟಾಕಿನಿಂದ ಮತ್ತೆ ನೇರ ರೆಕ್ಕೆಯವನ್ನು ತೆಗೆದು ಶುರು ಮಾಡಿದಳು. ಅದೇ ಕಥೆ. ಮೂರನೇ ಸಲವೂ ಅದೇ.

ಏನೇನು ಮಾಡಿ ನೋಡಿದರು

ನೊಣದ ಲ್ಯಾಬಿನಲ್ಲಿ ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಆಹಾರ. ನಮ್ಮಲ್ಲಿ ರವೆ, ಬೆಲ್ಲ, ಅಗರ್ ಹಾಕಿ ಕೇಸರಿಬಾತಿನ ಹಾಗೆ ಕುದಿಸಿ, ಬೂಷ್ಟು ಬಾರದಿರಲಿ ಅಂತ ಪ್ರೊಪಿಯಾನಿಕ್ ಆಮ್ಲ ಸೇರಿಸುತ್ತಾರೆ. ಆಮ್ಲ ಜಾಸ್ತಿ ಆಗಿರಬಹುದು ಅಂತ ಕಡಿಮೆ ಮಾಡಿದಳು. ಬೂಷ್ಟು ಬಂತು, ಮೊಟ್ಟೆ ಬರಲಿಲ್ಲ. ಯೀಸ್ಟ್ ಬದಲಾಯಿಸಿದಳು. ನೊಣಕ್ಕೆ ಮಂಪರು ಬರಿಸುವ ಈಥರ್ ಜಾಸ್ತಿ ಕೊಡುತ್ತಿದ್ದೀಯಾ ಅಂತ ಒಬ್ಬರು ಕೇಳಿದರು. ಅದನ್ನೂ ತಿದ್ದಿಕೊಂಡಳು.

ಇಷ್ಟರಲ್ಲಿ ಬೇಸಿಗೆ ಬಂತು, ಕರೆಂಟ್ ಹೋಗುವುದು ಶುರುವಾಯಿತು. ನೊಣದ ಕೋಣೆಯ ಏಸಿ ಆಗಾಗ ನಿಲ್ಲುತ್ತಿತ್ತು. ನಾನು ಬಾಯಿ ಹಾಕಿದ್ದು ಇಲ್ಲಿ. ‘ಮೂವತ್ತು ಡಿಗ್ರಿ ದಾಟಿದರೆ ಗಂಡು ನೊಣ ಬಂಜೆಯಾಗುತ್ತೆ, ಗೊತ್ತಲ್ವಾ? ಬಾಟಲಿಗಳನ್ನ 18 ಡಿಗ್ರಿ ಇನ್‌ಕ್ಯುಬೇಟರಿಗೆ ಹಾಕು’ ಅಂದೆ. ಮಾತೇನೋ ನಿಜ, ಈ ನೊಣದ ಗಂಡುಗಳು ಸೆಕೆ ತಡೆಯುವುದಿಲ್ಲ. ಆದರೆ ಅದೇ ಕಪಾಟಿನಲ್ಲಿ, ಅದೇ ಆಹಾರದ ಮೇಲೆ, ಅದೇ ಸೆಕೆಯಲ್ಲಿ ಮಾಮೂಲಿ ನೊಣಗಳು ಮನಸಾರೆ ಮರಿ ಹಾಕುತ್ತಿದ್ದವು. ಆಹಾರವೋ ಏಸಿಯೋ ಕಾರಣವಾಗಿದ್ದರೆ ಅವೂ ನಿಲ್ಲಬೇಕಿತ್ತು. ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಬೇಕಾದ ಮಾಮೂಲಿ ನೊಣ, ಕಣ್ಣೆದುರೇ ಇತ್ತು. ನಾವು ಅದನ್ನು ಬೇರೆಯವರ ಸ್ಟಾಕ್ ಅಂದುಕೊಂಡು ನೋಡುತ್ತಿದ್ದೆವು, ಕಂಟ್ರೋಲ್ ಅಂದುಕೊಂಡು ನೋಡಲಿಲ್ಲ.

ಹಳೇ ಬ್ಯಾಲೆನ್ಸರ್ ಸ್ಟಾಕಿನ ಒಂದು ಬಾಟಲಿ 18 ಡಿಗ್ರಿಗೆ ಹೋಯಿತು. ಅಲ್ಲಿ ಹುಟ್ಟಿದವುಗಳಲ್ಲಿ ನೇರ ರೆಕ್ಕೆಯವನ್ನು ಆರಿಸಿ ಹೊಸ ಬಾಟಲಿ ಮಾಡಿದಳು. ಅಷ್ಟು ತಂಪಿನಲ್ಲಿ ಮೊಟ್ಟೆಯಿಂದ ನೊಣವಾಗಲು ಹೆಚ್ಚುಕಮ್ಮಿ ಇಪ್ಪತ್ತು ದಿನ ಬೇಕು, 25 ಡಿಗ್ರಿಯಲ್ಲಾದರೆ ಹತ್ತು. ಕಾದಳು. ಮಕ್ಕಳಾದವು. ಮೊಮ್ಮಕ್ಕಳೂ ಆದವು. ಬಾಟಲಿ ತುಂಬಿತು.

ಅವತ್ತು ಲ್ಯಾಬಿನಲ್ಲಿ ಕಾಫಿ ಕೊಡಿಸಿದಳು. ತಂಪಿನಲ್ಲಿ ಸಂತಾನವಾಗುತ್ತದೆ, ಬಿಸಿಯಲ್ಲಿ ಆಗುವುದಿಲ್ಲ. ಅಂದರೆ ಉಷ್ಣತೆಗೆ ಸೂಕ್ಷ್ಮವಾದ ಬಂಜೆತನದ ಮ್ಯುಟೇಶನ್ ಸಿಕ್ಕಿದೆ! ವಿಭಾಗದ ಸೆಮಿನಾರಿಗೆ ಸ್ಲೈಡುಗಳೂ ತಯಾರಾದವು.

ಅಟೆಂಡರ್ ಅಣ್ಣ ಕಂಡದ್ದು

ನಮ್ಮ ಲ್ಯಾಬಿನ ಅಟೆಂಡರ್ ಬಹಳ ವರ್ಷಗಳಿಂದ ನೊಣಕ್ಕೆ ಅಡುಗೆ ಮಾಡಿಕೊಂಡು, ಸ್ಟಾಕ್ ಬದಲಾಯಿಸಿಕೊಂಡು ಬಂದವರು. ಜೆನೆಟಿಕ್ಸ್ ಓದಿಲ್ಲ. ಒಂದು ಬೆಳಿಗ್ಗೆ 18 ಡಿಗ್ರಿಯ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಹೇಳಿದರು: ‘ಮೇಡಂ, ಈ ಬಾಟ್ಲಿ ಒಳಗೆ ಎರಡು ಥರ ಕಣ್ಣು ಐತೆ ನೋಡಿ. ಒಂದು ಬೆಲ್ಲದ ಬಣ್ಣ, ಒಂದು ಕಿತ್ತಳೆಹಣ್ಣಿನ ಬಣ್ಣ.’

‘ವಯಸ್ಸಾದ ಹಾಗೆ ಬಣ್ಣ ಏರುತ್ತಣ್ಣ, ಅದಕ್ಕೇ’ ಅಂದಳು. ಅದೂ ನಿಜವೇ. ಹೊಸದಾಗಿ ಹೊರಬಂದ ನೊಣದ ಕಣ್ಣು ಮೊದಲ ಕೆಲವು ದಿನ ತಿಳಿಯಾಗೇ ಇರುತ್ತದೆ.

ಅವರು ಬಿಡಲಿಲ್ಲ. ‘ಇವತ್ತು ಬೆಳಿಗ್ಗೆ ಈಚೆಗೆ ಬಂದವೇ ಇವು. ಎಲ್ಲಾ ಒಂದೇ ವಯಸ್ಸು.’

ಎರಡು ಪ್ರತಿಯ ನೊಣ ಮಾತ್ರ ಇರಬೇಕಾದ ಬಾಟಲಿಯಲ್ಲಿ ತಿಳಿ ಕಣ್ಣಿನ ನೊಣಕ್ಕೆ ಕೆಲಸವಿಲ್ಲ. ತಿಳಿ ಅಂದರೆ ಒಂದೇ ಪ್ರತಿ. ಒಂದೇ ಪ್ರತಿ ಅಂದರೆ ಎದುರಿಗೆ ಸಿವೈಓ ಇರಬೇಕು. ಸಿವೈಓ ಇದ್ದರೆ ರೆಕ್ಕೆ ಸುರುಳಿ ಇರಬೇಕು. ರೆಕ್ಕೆ ನೇರವಾಗಿದೆ! ಇದು ಹೇಗೆ ಅಂತ ಅವಳು ತಲೆ ಕೆಡಿಸಿಕೊಂಡಾಗ ಗೈಡ್ ಸರ್ ಒಂದೇ ಮಾತು ಹೇಳಿದರು: ‘ಕರ್ಲಿ ರೆಕ್ಕೆ ತಂಪಿನಲ್ಲಿ ಸರಿಯಾಗಿ ಕಾಣಿಸಲ್ಲಮ್ಮ.’

ಸುರುಳಿ ರೆಕ್ಕೆಯ ಗುಣವೇ ಉಷ್ಣತೆಯನ್ನು ಅವಲಂಬಿಸಿದೆ. 25 ಡಿಗ್ರಿಯಲ್ಲಿ ರೆಕ್ಕೆ ಚೆನ್ನಾಗಿ ಮಡಚಿಕೊಳ್ಳುತ್ತದೆ. 18-19 ಡಿಗ್ರಿಯಲ್ಲಿ ಬೆಳೆದ ಎಷ್ಟೋ ನೊಣಗಳಲ್ಲಿ ಅದು ನೇರವಾಗೇ ಉಳಿಯುತ್ತದೆ. ಹಾಗಾಗಿ ತಂಪಿನಲ್ಲಿ ‘ನೇರ ರೆಕ್ಕೆ’ ಅಂತ ಆರಿಸಿದವುಗಳ ಜೊತೆ ಬ್ಯಾಲೆನ್ಸರ್ ಹೊತ್ತ ನೊಣಗಳೂ ಸೇರಿಕೊಂಡಿದ್ದವು. ವಂಶ ಮುಂದುವರಿಸಿದ್ದು ಅವು. ತಿಳಿ ಕಣ್ಣಿನವನ್ನು ಬೇರೆ ಮಾಡಿ 25 ಡಿಗ್ರಿಗೆ ಹಾಕಿದಾಗ ಮುಂದಿನ ತಲೆಮಾರಿನಲ್ಲಿ ಸುರುಳಿ ರೆಕ್ಕೆಗಳು ಎದ್ದು ಕಂಡವು. ಗಾಢ ಕಣ್ಣಿನವನ್ನಷ್ಟೇ ಇಟ್ಟ ಬಾಟಲಿ ತಂಪಿನಲ್ಲೂ ಮೊದಲಿನ ಹಾಗೆ ಎರಡನೇ ತಲೆಮಾರಿಗೆ ಮುಗಿಯಿತು.

ಉಷ್ಣತೆಗೂ ಬಂಜೆತನಕ್ಕೂ ಸಂಬಂಧವೇ ಇರಲಿಲ್ಲ. ಉಷ್ಣತೆಗೂ ನಾವು ಗುರುತಿಗೆ ನೆಚ್ಚಿಕೊಂಡ ರೆಕ್ಕೆಗೂ ಸಂಬಂಧವಿತ್ತು. ಸೆಮಿನಾರಿನ ಸ್ಲೈಡುಗಳನ್ನು ಅವಳು ಅಳಿಸಿದಳು. ತಿಂಗಳುಗಳೇ ಹೋಗಿದ್ದವು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವಾದ ಬೆಳಿಗ್ಗೆ ಅದು. ಅವಳ ಹತ್ತಿರ ಎರಡು ಗುರುತುಗಳಿದ್ದವು, ರೆಕ್ಕೆ ಮತ್ತು ಕಣ್ಣು. ಎರಡೂ ಒಂದೇ ಮಾತು ಹೇಳಬೇಕಿತ್ತು. ಹೇಳುತ್ತಿಲ್ಲ ಅನ್ನುವುದು ಕಂಡರೂ ಅವಳು ಸಮಜಾಯಿಷಿ ಕೊಟ್ಟಳು. ಸಮಜಾಯಿಷಿ ಅರ್ಧ ಸರಿ ಇದ್ದದ್ದೇ ಕಷ್ಟವಾಯಿತು. ಪೂರಾ ತಪ್ಪಾಗಿದ್ದರೆ ನಾವ್ಯಾರಾದರೂ ಹಿಡಿಯುತ್ತಿದ್ದೆವು.

ಯಾರ ತಪ್ಪು: ಮಕ್ಕಳದೋ, ತಾಯಿಯದೋ

ಗೈಡ್ ಸರ್ ಹೇಳಿದ ಮುಂದಿನ ಕೆಲಸ ಬಹಳ ಸುಲಭದ್ದು. ಮೊದಲ ವಾರವೇ ಮಾಡಬಹುದಿತ್ತು. ಗಾಢ ಕಣ್ಣಿನ ಗಂಡನ್ನು ಮಾಮೂಲಿ ಹೆಣ್ಣಿಗೆ ಬಿಡು. ಮಾಮೂಲಿ ಗಂಡನ್ನು ಗಾಢ ಕಣ್ಣಿನ ಹೆಣ್ಣಿಗೆ ಬಿಡು. ಹುಟ್ಟಿದ ಮಕ್ಕಳನ್ನು ಮಾಮೂಲಿ ಸ್ಟಾಕಿಗೆ ಕೊಟ್ಟು ಮೊಮ್ಮಕ್ಕಳನ್ನು ಎಣಿಸು. ಹೆಣ್ಣುಗಳು ಹೊರಬಂದು ಎಂಟು ಗಂಟೆಯೊಳಗೆ ಬೇರೆ ಮಾಡಿದ ವರ್ಜಿನ್, ಅಂದರೆ ಇನ್ನೂ ಗಂಡಿನ ಜೊತೆ ಕೂಡದವು, ಆಗಿರಬೇಕು, ಅಷ್ಟೇ.

ಮೊದಲ ಕ್ರಾಸಿನಲ್ಲಿ, ಅಂದರೆ ಮೊದಲ ಬಗೆಯ ಜೋಡಿಯಲ್ಲಿ, ಮಕ್ಕಳು, ಮೊಮ್ಮಕ್ಕಳು ಎಲ್ಲ ಸರಿ. ಎರಡನೆಯದರಲ್ಲಿ ಒಂದಷ್ಟು ಮೊಟ್ಟೆ ಸತ್ತವು. ಬದುಕಿದ ಮಕ್ಕಳು ಗಂಡೂ ಬಂಜೆ, ಹೆಣ್ಣೂ ಬಂಜೆ.

ಎರಡೂ ಕ್ರಾಸಿನ ಮಕ್ಕಳ ಒಳಗಿರುವುದು ಒಂದೇ. ಒಂದು ಕೆಟ್ಟ ಪ್ರತಿ, ಒಂದು ಒಳ್ಳೆಯ ಪ್ರತಿ. ಆದರೂ ಒಂದು ಕಡೆ ಸಂತಾನವಿದೆ, ಇನ್ನೊಂದು ಕಡೆ ಇಲ್ಲ. ಅಂದಮೇಲೆ ಮಕ್ಕಳ ಜೀನ್ ಏನು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ತಾಯಿಯ ಜೀನ್ ಏನು ಅನ್ನುವುದೇ ಲೆಕ್ಕ. ಇದನ್ನು ತಾಯಿಯ ಪರಿಣಾಮ ಎನ್ನುತ್ತಾರೆ.

ನೊಣದ ಮೊಟ್ಟೆಯಲ್ಲಿ ಮೊದಲ ಕೆಲವು ಗಂಟೆ ನಡೆಯುವುದೆಲ್ಲ ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲೇ. ಮೊಟ್ಟೆಯ ಹಿಂಭಾಗದ ತುದಿಯಲ್ಲಿ ತಾಯಿ ಒಂದು ವಿಶೇಷ ಜೀವರಸ ಇಟ್ಟಿರುತ್ತಾಳೆ. ಮೊಟ್ಟೆ ಇಟ್ಟು ಒಂದೂವರೆ ಗಂಟೆಯ ಹೊತ್ತಿಗೆ ಕೆಲವು ನ್ಯೂಕ್ಲಿಯಸ್ಸುಗಳು ಆ ತುದಿಗೆ ಬಂದು, ಆ ರಸವನ್ನು ಸುತ್ತಿಕೊಂಡು, ಉಳಿದವಕ್ಕಿಂತ ಮೊದಲೇ ಪೂರ್ತಿ ಕೋಶಗಳಾಗುತ್ತವೆ. ಇವೇ ಪೋಲ್ ಕೋಶಗಳು. ಮುಂದೆ ಇವುಗಳಿಂದಲೇ ಆ ನೊಣದ ಅಂಡಾಣು, ವೀರ್ಯಾಣು ಆಗುವುದು. 1974ರಲ್ಲಿ ಇಲ್ಮೆನ್ಸೀ ಮತ್ತು ಮಹೊವಾಲ್ಡ್ ಈ ಹಿಂತುದಿಯ ರಸವನ್ನು ತೆಗೆದು ಇನ್ನೊಂದು ಭ್ರೂಣದ ಮುಂತುದಿಗೆ ಚುಚ್ಚಿದಾಗ, ತಲೆ ಬರಬೇಕಾದ ಕಡೆ ಪೋಲ್ ಕೋಶಗಳು ಹುಟ್ಟಿದ್ದವು. ಸಂತಾನದ ಬೀಜವೇ ಆ ಒಂದು ತೊಟ್ಟು ರಸದಲ್ಲಿದೆ ಎಂಬುದಕ್ಕೆ ಅದಕ್ಕಿಂತ ಚೆಂದದ ಸಾಕ್ಷಿ ಬೇಡ.

ಆ ರಸ ಕಟ್ಟುವುದಕ್ಕೆ ಬೇಕಾದ ಜೀನ್ ತಾಯಿಯಲ್ಲಿ ಕೆಟ್ಟಿದ್ದರೆ ತಾಯಿಗೆ ಏನೂ ಆಗುವುದಿಲ್ಲ. ಅವಳಿಗೆ ಅವಳ ತಾಯಿ ಒಳ್ಳೆಯ ರಸ ಕೊಟ್ಟಿದ್ದಳಲ್ಲ. ಅವಳು ಮೊಟ್ಟೆ ಇಡುತ್ತಾಳೆ. ಮಕ್ಕಳು ಬೆಳೆದು ನೊಣವಾಗುತ್ತವೆ, ಜೋಡಿಯನ್ನೂ ಹುಡುಕುತ್ತವೆ. ಆದರೆ ಅವುಗಳೊಳಗೆ ಬೀಜವೇ ಇರುವುದಿಲ್ಲ.

ಬಂಜೆ ಹೆಣ್ಣುಗಳ ಹೊಟ್ಟೆ ಬಿಡಿಸಿ ನೋಡಿದಾಗ ಅಂಡಾಶಯ ಸಣ್ಣ ಚುಕ್ಕೆಯಷ್ಟಿತ್ತು, ಒಂದು ಅಂಡವೂ ಇಲ್ಲ. ಆಮೇಲೆ ಅವುಗಳ ತಾಯಂದಿರ ಹೊಸ ಮೊಟ್ಟೆಗಳ ಸಿಪ್ಪೆಯನ್ನು ಬ್ಲೀಚ್ ನೀರಿನಲ್ಲಿ ಕರಗಿಸಿ, ಎಣ್ಣೆಯಲ್ಲಿಟ್ಟು ಸೂಕ್ಷ್ಮದರ್ಶಕದಡಿ ಕೂತಳು. ಮಾಮೂಲಿ ಭ್ರೂಣದ ಹಿಂತುದಿಯಲ್ಲಿ ಸಬ್ಬಕ್ಕಿ ಅಂಟಿಸಿದ ಹಾಗೆ ದುಂಡು ಕೋಶಗಳು ಕಂಡವು. ಇವಳ ನೊಣಗಳ ಭ್ರೂಣದಲ್ಲಿ ಆ ತುದಿ ಬೋಳು. ಆ ಮಧ್ಯಾಹ್ನ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ತೋರಿಸಿದಳು.

ಇಂಥ ಮ್ಯುಟೇಶನ್‌ಗಳಿಗೆ ‘ಮೊಮ್ಮಕ್ಕಳಿಲ್ಲದ’ ಅನ್ನುವ ಅರ್ಥದ ಹೆಸರೇ ಇದೆ. ಗ್ರ್ಯಾಂಡ್‌ಚೈಲ್ಡ್‌ಲೆಸ್ ಅಂತ. 1948ರಲ್ಲಿ ಡ್ರೊಸೋಫಿಲ ಸಬ್‌ಅಬ್‌ಸ್ಕ್ಯೂರ ಎಂಬ ಹತ್ತಿರದ ಜಾತಿಯಲ್ಲಿ ಇದನ್ನು ವರದಿ ಮಾಡಿದವರು ಹೆಲೆನ್ ಸ್ಪರ್‌ವೇ. 1957ರಲ್ಲಿ ಗಂಡ, ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಜೊತೆ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು ನೆಲೆಸಿದ ಅದೇ ಸ್ಪರ್‌ವೇ. ಮುಂದೆ ಮೆಲನೊಗ್ಯಾಸ್ಟರಿನಲ್ಲಿ ಇಂಥ ಜೀನ್‌ಗಳು ಸಾಲಾಗಿ ಸಿಕ್ಕಾಗ ಅವಕ್ಕೆ ವಂಶ ಅಳಿದುಹೋದ ಯುರೋಪಿನ ರಾಜಮನೆತನಗಳ ಹೆಸರಿಟ್ಟರು. ಟ್ಯೂಡರ್, ವಾಸಾ, ವಾಲ್ವಾ, ಸ್ಟಾಫೆನ್. ಹೆಸರಿಡುವ ಕೆಲಸ ಮೈಸೂರು ಸೀಮೆಯವರ ಕೈಗೆ ಬಂದಿದ್ದರೆ ಒಂದಕ್ಕಾದರೂ ಅಲಮೇಲಮ್ಮ ಅಂತ ಇಡುತ್ತಿದ್ದರು. ‘ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ’ ಅನ್ನುವ ಶಾಪ ನಮಗೆ ಬಾಯಿಪಾಠ ಅಲ್ವಾ.

ತುಂಡು ನಿರಪರಾಧಿ

ಇಷ್ಟು ಗೊತ್ತಾದ ಮೇಲೆ ವಿದ್ಯಾರ್ಥಿನಿಗೆ ಮತ್ತೆ ಆಸೆ ಹುಟ್ಟಿತು. ತುಂಡು ಕೂತ ಪಕ್ಕದ ಜೀನ್ ಪೋಲ್ ಕೋಶಕ್ಕೂ ಬೇಕು ಅಂತಾದರೆ ಅದು ಹೊಸ ಸಂಗತಿ. ಪ್ರಬಂಧದ ದಿಕ್ಕನ್ನೇ ಬದಲಿಸುವ ಮಾತು ಬಂತು. ಸರ್ ಒಪ್ಪಲಿಲ್ಲ. ‘ಬಂಜೆತನ ಆ ತುಂಡಿನಿಂದಲೇ ಬಂದಿದೆ ಅಂತ ಹೇಗೆ ಗೊತ್ತು? ಒಂದೇ ಕ್ರೋಮೋಸೋಮಿನಲ್ಲಿ ಇವೆ ಅನ್ನೋದಷ್ಟೇ ಗೊತ್ತು’ ಅಂದರು. ಆಗ ಅದು ಸ್ವಲ್ಪ ಕಟುವಾಗಿ ಕೇಳಿಸಿತು.

ಬ್ಯಾಲೆನ್ಸರಿನ ಒಂದು ಕೆಟ್ಟ ಗುಣ ಇಲ್ಲಿ ತಿಳಿಯಬೇಕು. ಅದು ನಮಗೆ ಬೇಕಾದ ಮ್ಯುಟೇಶನ್ನನ್ನು ಕಾಪಾಡುವ ಹಾಗೇ ಬೇಡವಾದವನ್ನೂ ಕಾಪಾಡುತ್ತದೆ. ಅದರ ಎದುರಿನ ಕ್ರೋಮೋಸೋಮ್ ಭಾಗಗಳನ್ನು ಅದಲುಬದಲು ಮಾಡಿಕೊಳ್ಳದೆ ಹಾಗೇ ಉಳಿಯುವುದರಿಂದ, ಅದರ ಮೇಲೆ ಎಂದೋ ಆದ ಬೇರೆ ಮ್ಯುಟೇಶನ್ ಕೂಡ ತಲೆಮಾರುಗಟ್ಟಲೆ ಸುಮ್ನೆ ಕೂತಿರುತ್ತದೆ. ಅಟ್ಟದ ಮೇಲೆ ಬಟ್ಟೆ ಮುಚ್ಚಿಟ್ಟ ಸಾಮಾನಿನ ಹಾಗೆ. ತೆಗೆಯುವವರೆಗೂ ಕೆಳಗೆ ಏನು ಸೇರಿಕೊಂಡಿದೆ ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಎರಡನ್ನೂ ಬೇರ್ಪಡಿಸುವ ಕೆಲಸ ಶುರುವಾಯಿತು. ಮೊದಲ ಕ್ರಾಸಿನ ಸಂತಾನವಿರುವ ಹೆಣ್ಣುಮಕ್ಕಳು ಇದಕ್ಕೆ ಸರಿಯಾದವರು. ಅವರಲ್ಲಿ ಒಂದು ಕಡೆ ತುಂಡಿನ ಕ್ರೋಮೋಸೋಮ್, ಇನ್ನೊಂದು ಕಡೆ ಮಾಮೂಲಿ. ಗಂಡು ಡ್ರೊಸೋಫಿಲದಲ್ಲಿ ಕ್ರೋಮೋಸೋಮ್‌ಗಳು ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದಿಲ್ಲ, ಹೆಣ್ಣಿನಲ್ಲಿ ಮಾತ್ರ. ಈ ಹೆಣ್ಣುಗಳನ್ನು ಬ್ಯಾಲೆನ್ಸರ್ ಗಂಡುಗಳಿಗೆ ಕೊಟ್ಟು, ಕಿತ್ತಳೆ ಕಣ್ಣು ಮತ್ತು ಸುರುಳಿ ರೆಕ್ಕೆಯ ಗಂಡುಮಕ್ಕಳನ್ನು ಒಂದೊಂದಾಗಿ ತೆಗೆದು, ಒಂದೊಂದರಿಂದಲೂ ಬೇರೆ ಬೇರೆ ಲೈನ್, ಅಂದರೆ ವಂಶ, ಮಾಡಿದಳು. ಪ್ರತಿ ಲೈನಿನ ಗಾಢ ಕಣ್ಣಿನ ಹೆಣ್ಣಿಗೆ ಮೊಮ್ಮಕ್ಕಳಾಗುತ್ತವೆಯೇ ಅಂತ ನೋಡಿದಳು. ಬೇಜಾರಿನ ಕೆಲಸ. ತಲೆಮಾರಿಗೆ ಹತ್ತು ಹನ್ನೆರಡು ದಿನದ ಹಾಗೆ, ಎಲ್ಲೂ ಜಂಪ್ ಮಾಡಲು ಬರುವುದಿಲ್ಲ. ಈ ಸಲ ರೆಕ್ಕೆ ನೋಡುವುದೆಲ್ಲ 25 ಡಿಗ್ರಿಯಲ್ಲೇ.

ನಾಲ್ಕರಲ್ಲಿ ಒಂದು ಪಾಲಿನಷ್ಟು ಲೈನ್‌ಗಳಲ್ಲಿ ಕಣ್ಣು ಗಾಢ ಕಿತ್ತಳೆ, ಮೊಮ್ಮಕ್ಕಳು ಬಾಟಲಿ ತುಂಬ. ಅಂದರೆ ತುಂಡು ಅಲ್ಲೇ ಇದೆ, ಬಂಜೆತನ ಹೋಗಿದೆ. ಎರಡೂ ಬೇರೆ ಬೇರೆ ಜಾಗದಲ್ಲಿವೆ, ನಡುವೆ ಸಾಕಷ್ಟು ದೂರವೂ ಇದೆ.

ಹಾಗಾದರೆ ನಿಜವಾದ ಅಪರಾಧಿ ಯಾರು? ಎರಡನೇ ಕ್ರೋಮೋಸೋಮಿನಲ್ಲಿ ಈ ಗುಂಪಿನ ಗೊತ್ತಿರುವ ಜೀನ್‌ಗಳ ಪಟ್ಟಿ ಮಾಡಿದಳು. ಅವುಗಳಲ್ಲಿ ವಾಸಾ, ಸ್ಟಾಫೆನ್ ಮೊದಲಾದವು ಕೆಟ್ಟರೆ ಸಾಮಾನ್ಯವಾಗಿ ಭ್ರೂಣದ ಹೊಟ್ಟೆಯ ಖಂಡಗಳೇ ಮೂಡದೆ ಮೊಟ್ಟೆಯಲ್ಲೇ ಸಾಯುತ್ತವೆ. ಟ್ಯೂಡರ್ ಕೆಟ್ಟರೆ ಮಾತ್ರ ಒಂದಷ್ಟು ಸತ್ತರೂ ಒಂದಷ್ಟು ಬದುಕಿ ಬಂಜೆಯಾಗಿ ಬೆಳೆಯುತ್ತವೆ. ಮೊದಲ ದಿನದಿಂದ ಅವಳ ಬಾಟಲಿಯಲ್ಲಿ ನಡೆದದ್ದು ಅದೇ. ಬೆಂಗಳೂರಿನ ಒಂದು ಲ್ಯಾಬ್ ಗೊತ್ತಿರುವ ಟ್ಯೂಡರ್ ಮ್ಯುಟೇಶನ್ನಿನ ಸ್ಟಾಕ್ ಕೊಟ್ಟಿತು. ಒಂದು ಪ್ರತಿ ಅವರದು, ಒಂದು ಪ್ರತಿ ಇವಳದು ಇರುವ ಹೆಣ್ಣುಗಳನ್ನು ಮಾಡಿದಳು. ಎರಡೂ ಬೇರೆ ಜೀನ್‌ಗಳಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿ ಮೊಮ್ಮಕ್ಕಳು ಆಗಬೇಕಿತ್ತು. ಆಗಲಿಲ್ಲ. ಭ್ರೂಣದ ತುದಿ ಅದೇ ಬೋಳು.

ಟ್ಯೂಡರ್ ಪ್ರೋಟೀನ್ ದೊಡ್ಡದು, ಅದರಲ್ಲಿ ಒಂದೇ ಬಗೆಯಾಗಿ ಮಡಚಿಕೊಂಡ ಹನ್ನೊಂದು ಭಾಗಗಳಿವೆ. ಅಂಥ ಭಾಗಗಳಿಗೆ ಈಗ ಟ್ಯೂಡರ್ ಡೊಮೇನ್ ಅಂತಲೇ ಹೆಸರು. ನಮ್ಮ ದೇಹದಲ್ಲೂ ಅವನ್ನು ಹೊತ್ತ ಪ್ರೋಟೀನ್‌ಗಳಿವೆ. ಇಲಿಯಲ್ಲಿ ಅವುಗಳಲ್ಲಿ ಒಂದನ್ನು ಕೆಡಿಸಿದಾಗ ಗಂಡು ಇಲಿ ಬಂಜೆಯಾದದ್ದೂ ಗೊತ್ತಿದೆ. ವಿದ್ಯಾರ್ಥಿನಿಗೆ ಇದು ಸಮಾಧಾನ ತರಲಿಲ್ಲ. ಅವಳು ಕಂಡುಹಿಡಿದದ್ದು ಯಾವಾಗಲೋ ಗೊತ್ತಿದ್ದ ಜೀನ್, ಅದೂ ಅವಳ ಪ್ರಶ್ನೆಗೆ ಸಂಬಂಧಪಡದ್ದು.

ಆಮೇಲೆ

ಒಟ್ಟು ಹತ್ತಿರ ಹತ್ತಿರ ಒಂದು ವರ್ಷ ಇದಕ್ಕೆ ಹೋಯಿತು. ದಂಡವಾಯಿತು ಅಂತ ನಾನು ಹೇಳಲಾರೆ. ಬೇರ್ಪಡಿಸದೆ ಹೋಗಿದ್ದರೆ ರೆಕ್ಕೆಯ ನರಗಳ ಬಗ್ಗೆ ಅವಳು ಕಂಡದ್ದಕ್ಕೆಲ್ಲ ‘ಇದು ತುಂಡಿನದೋ ಟ್ಯೂಡರಿನದೋ’ ಎಂಬ ಅನುಮಾನ ಅಂಟಿಕೊಂಡೇ ಇರುತ್ತಿತ್ತು. ಅವಳ ಪ್ರಬಂಧ ನಡೆದದ್ದು ಆ ಶುದ್ಧವಾದ ಲೈನ್‌ಗಳ ಮೇಲೆ.

ಈಗ ಆ ಲ್ಯಾಬಿಗೆ ಯಾವ ಹೊಸ ಸ್ಟಾಕ್ ಬಂದರೂ ಮೊದಲು ಮಾಮೂಲಿ ನೊಣದ ಜೊತೆ ಕೆಲವು ತಲೆಮಾರು ಕ್ರಾಸ್ ಮಾಡಿ, ಎರಡೂ ದಿಕ್ಕಿನ ಜೋಡಿ ಇಟ್ಟು ನೋಡಿದ ಮೇಲೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಕಳಿಸಿದವರಿಗೆ ಕೊನೆಗೂ ಮೇಲ್ ಹೋಯಿತು. ಎರಡು ಪ್ರತಿಯ ಸ್ಟಾಕ್ ಅವರ ಹತ್ತಿರವೂ ನಿಲ್ಲುತ್ತಿರಲಿಲ್ಲವಂತೆ, ಅದಕ್ಕೇ ಬ್ಯಾಲೆನ್ಸರ್ ಇಟ್ಟಿದ್ದರಂತೆ. ಉತ್ತರ ಎರಡೇ ಸಾಲು, ಬಂದದ್ದು ಮಾರನೇ ದಿನವೇ.

ಹಳೇ ಕ್ರೋಮೋಸೋಮನ್ನು ಎಸೆಯಲಿಲ್ಲ. ಪಾಠಕ್ಕೆ ಬೇಕಾಗುತ್ತದೆ ಅಂತ ಎರಡು ವಯಲ್ ಇಟ್ಟಿದ್ದಾರೆ. ಎಂ.ಎಸ್ಸಿ. ಹುಡುಗರಿಗೆ ಬೋಳು ತುದಿಯ ಭ್ರೂಣ ತೋರಿಸುವುದು ಅದರಿಂದಲೇ. ಚೀಟಿಯಲ್ಲಿ ಅವಳ ಕೈಬರಹದಲ್ಲಿ ಹೀಗಿದೆ: ‘ಕರ್ಲಿ ತೆಗೆಯಬೇಡಿ. 25 ಡಿಗ್ರಿ. ಕಣ್ಣೂ ನೋಡಿ.’